ಭಾವನ ಜೇಬಿನ ಚೀಟಿ

ನಮ್ಮ ಭಾವನಿಗೆ, ಅಂದರೆ ಅಕ್ಕನ ಗಂಡನಿಗೆ, ಒಂದೇ ಪ್ರಶ್ನೆಯನ್ನು ಎರಡು ಸಲ ಕೇಳಿ ಮರ್ಯಾದೆ ಉಳಿಸಿಕೊಂಡವರನ್ನು ನಾನು ನೋಡಿಲ್ಲ. ಊರೆಲ್ಲ ಅವರನ್ನು ಬುದ್ಧಿವಂತ ಎನ್ನುತ್ತದೆ. ನನಗೆ ಹೊಟ್ಟೆಕಿಚ್ಚು ಎನ್ನುತ್ತದೆ. ಎರಡೂ ನಿಜವೇ, ಏನು ಮಾಡಲಿ?

ನಾವಿಬ್ಬರೂ ಶಿವಮೊಗ್ಗದ ಸವಳಂಗ ರಸ್ತೆಯ ಸಣ್ಣ ಆಫೀಸೊಂದರಲ್ಲಿ ವೆಬ್‌ಸೈಟ್ ಮಾಡುವವರು. ಅಡಿಕೆ ಧಾರಣೆ ತಿಳಿಸುವ ಸೈಟೊಂದು ನಮ್ಮ ಕೈಲಿತ್ತು. ಧಾರಣೆ ಬರುವ ಹೊತ್ತಿಗೆ ಜಿಲ್ಲೆಯ ಬೆಳೆಗಾರರೆಲ್ಲ ಒಟ್ಟಿಗೇ ಫೋನ್ ತೆಗೆದು ರೇಟು ನೋಡುವುದು. ಸರ್ವರ್ ಒಬ್ಬೊಬ್ಬರ ಪರವಾಗಿಯೂ ಡೇಟಾಬೇಸಿಗೆ ಓಡಿ ಅದನ್ನೇ ಕೇಳುವುದು. ಆಮೇಲೆ ಸುಸ್ತಾಗಿ ಮಲಗಿಬಿಡುವುದು. ದೊಡ್ಡ ಸರ್ವರ್ ಬೇಕೆಂದು ನಾನು ಮೂರು ದಿನ ಕೂತು ವರದಿ ಬರೆದೆ. ಭಾವ ಕಾಫಿ ಆರುವುದರೊಳಗೆ ಹತ್ತು ಹನ್ನೆರಡು ಸಾಲು ಕೋಡ್ ಬರೆದರು.

"ಮೊದಲು ಬಂದವನ ಪ್ರಶ್ನೆ ಮಾತ್ರ ಒಳಗೆ ಹೋಗ್ಲಿ ಮಾರಾಯ. ಅದನ್ನೇ ಕೇಳೋಕೆ ಬಂದ ಉಳಿದೋರು ಬಾಗಿಲಲ್ಲಿ ನಿಂತಿರ್ಲಿ. ಉತ್ತರ ಬಂತಾ, ಎಲ್ರಿಗೂ ಅದನ್ನೇ ಹಂಚು. ಆ ಉತ್ತರಾನ ಒಂದು ನಿಮಿಷ ಕೈಯಲ್ಲೇ ಇಟ್ಕೊ, ತಡವಾಗಿ ಬಂದೋರಿಗೂ ಆಗುತ್ತೆ," ಅಂದರು.

ಸರ್ವರ್ ಮತ್ತೆ ಮಲಗಲಿಲ್ಲ. ಯಜಮಾನರು ಭಾವನ ಕೈ ಕುಲುಕಿ, ನನ್ನ ವರದಿಯ ಮೇಲೆ ಕಾಫಿ ಲೋಟ ಇಟ್ಟರು.

ಅಷ್ಟಕ್ಕೇ ನಿಂತರಲ್ಲವೇ? ದೊಡ್ಡಪ್ಪನ ಮೊಮ್ಮಗಳ ಮದುವೆಗೆ ಈ ಮನುಷ್ಯ ಅಂಗಿಯ ಜೇಬಿಗೆ ಚೀಟಿ ಚುಚ್ಚಿಕೊಂಡು ಬಂದರು: 'ಆರಾಮಿದ್ದೀನಿ. ತಿಂಡಿ ಆಯ್ತು. ಮಗಳು ಒಂಬತ್ತನೇ ಕ್ಲಾಸು.' ಮಾತಾಡಿಸಿದವರಿಗೆಲ್ಲ ಬೆರಳಲ್ಲಿ ಜೇಬು ತೋರಿಸುವುದು. ನಾನು ಹಾಗೆ ಮಾಡಿದ್ದರೆ ಧಿಮಾಕು ಎನ್ನುತ್ತಿದ್ದರು. ಅವರ ಜೊತೆ ಸಾಲಾಗಿ ನಿಂತು ಸೆಲ್ಫಿ ತೆಗೆದುಕೊಂಡರು! ಮರುವರ್ಷ ಇನ್ನೊಂದು ಮದುವೆಗೂ ಅದೇ ಚೀಟಿ ಬಂತು. ಅಷ್ಟರಲ್ಲಿ ಮಗಳು ಹತ್ತನೇ ಕ್ಲಾಸಿಗೆ ಹೋಗಿದ್ದಳು. ಅಕ್ಕ ಮಂಟಪದ ಎದುರೇ ಪೆನ್ನು ಇಸಿದುಕೊಂಡು ತಿದ್ದಿದಳು. ಅವತ್ತು ನನಗೆ ಊಟ ಬಹಳ ರುಚಿಸಿತು.

ಇದನ್ನೆಲ್ಲ ಹೇಗೋ ಸಹಿಸಬಹುದು. ಆದರೆ ನಮ್ಮಮ್ಮನ ವಿಷಯ? ಭದ್ರಾವತಿಯಲ್ಲಿ ನನ್ನ ಜೊತೆಗೇ ಇರುವ ಅಮ್ಮನಿಗೆ ಈಚೆಗೆ ಮರೆವು. ಕೇಳಿದ್ದನ್ನೇ ಕೇಳುತ್ತಾಳೆ. ಹೋದ ಭಾನುವಾರ ಭಾವ ಬಂದು ಕೂತರು.

"ಬಸ್ಸು ಸಿಕ್ತಾ ಅಳಿಯಂದ್ರೆ?"

"ಸಿಕ್ತು ಅತ್ತೆ, ಕಿಟಕಿ ಪಕ್ಕದ ಸೀಟೇ."

ಹತ್ತು ನಿಮಿಷಕ್ಕೆ ಮತ್ತೆ ಅದೇ ಪ್ರಶ್ನೆ. ಈಗ ಜೇಬು ತೋರಿಸುತ್ತಾರೆ ಎಂದು ಕಾದೆ.

"ಸಿಕ್ತು ಅತ್ತೆ, ಪಕ್ಕದಲ್ಲಿ ಒಬ್ರು ಕೋಳಿ ಹಿಡ್ಕೊಂಡು ಕೂತಿದ್ರು."

ಮೂರನೆಯ ಸಲ ಕೇಳಿದಾಗ, ಕೋಳಿಗೂ ಟಿಕೆಟ್ ತಗೋ ಎಂದು ಕಂಡಕ್ಟರ್ ತೆಗೆದ ಜಗಳ ಬಂತು. ಅಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನನ್ನ ಹತ್ತಿರ ಅವಳು ಹಾಗೆ ನಕ್ಕು ಎಷ್ಟು ದಿನವಾಯಿತೋ.

ಅವರನ್ನು ಬಸ್ ಸ್ಟ್ಯಾಂಡಿಗೆ ಬಿಡಲು ಹೋದಾಗ ಕೇಳಿಯೇಬಿಟ್ಟೆ. "ಒಂದೇ ಪ್ರಶ್ನೆ ಎರಡು ಸಲ ಕೇಳಿದ್ರೆ ನಿಮಗೆ ಆಗಲ್ಲ. ಅಮ್ಮನಿಗೆ ಮಾತ್ರ ಹೇಗೆ ಭಾವ?"

"ಅವರೆಲ್ಲಿ ಎರಡನೇ ಸಲ ಕೇಳಿದ್ರು? ಪ್ರತಿ ಸಲಾನೂ ಅವರಿಗೆ ಮೊದಲನೇ ಸಲವೇ ಅಲ್ವಾ," ಎಂದು ಬಸ್ಸು ಹತ್ತಿದರು.

ನನಗೆ ನನ್ನ ಉತ್ತರ ನೆನಪಾಯಿತು. ಅಮ್ಮ ಏನು ಕೇಳಿದರೂ, ಎಷ್ಟು ಸಲ ಕೇಳಿದರೂ, ತಿಂಗಳುಗಳಿಂದ ನಾನು ಹಂಚುತ್ತಿದ್ದದ್ದು ಒಂದೇ ಉತ್ತರ: "ಆಗಲೇ ಹೇಳಿದ್ನಲ್ಲಮ್ಮ." ಆಮೇಲೆ ಅವಳು ಸುಮ್ಮನಾಗುತ್ತಿದ್ದಳು. ಚೀಟಿ ಚುಚ್ಚಿಕೊಂಡು ತಿರುಗುತ್ತಿದ್ದವನು ನಾನೇ.

ಮನೆಗೆ ಬಂದೆ. ಅಮ್ಮ ತಲೆಯೆತ್ತಿ, "ಅಳಿಯಂದ್ರು ಇವತ್ತು ಬರ್ಲಿಲ್ವೇನೋ?" ಎಂದಳು. 'ಆಗಲೇ' ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು, ನುಂಗಿದೆ. ಪಕ್ಕದಲ್ಲಿ ಕೂತು ಕಿಟಕಿ ಸೀಟಿನಿಂದ ಶುರುಮಾಡಿ ಕೋಳಿಯ ಟಿಕೆಟ್‌ವರೆಗೂ ಹೇಳಿದೆ. ಅಮ್ಮ ನಕ್ಕಳು. ನಗು ನಿಂತ ಮೇಲೆ ನನ್ನನ್ನೇ ನೋಡಿ, "ನೀನು ಯಾವಾಗ ಬಂದ್ಯೋ ಮಗಾ?" ಎಂದು ಕೇಳಿದಳು.

"ಈಗ ತಾನೇ ಬಂದೆ ಅಮ್ಮ," ಅಂದೆ.