ತಂಪು ಕೋಣೆಗೆ ಮೂರು ಪ್ರಶ್ನೆ

ನಾಗಣ್ಣ: ನಮ್ಮ ಮುತ್ಯಾ ಶರಣಪ್ಪ ಕೆಂಪು ಬಾಳೆಗೊನಿ ಹೆಗಲ ಮ್ಯಾಲ ಹೊತ್ಕೊಂಡು ಕಲಬುರಗಿ ತನಕ ನಡದು, ಐವಾನ್-ಎ-ಶಾಹಿ ಬಂಗಲೇದೊಳಗ ಇಳಿದ ಸಾಹೇಬನ ಮುಂದ ಇಟ್ಟಾಂವ. ನಮ್ಮಪ್ಪ ಬಸಲಿಂಗಪ್ಪ ಒಬ್ಬನೇ ಕಲ್ಲು ಒಡದು ಬಾವಿ ತೋಡಿದಾಂವ. ಅವರಿಗೆ ಯಾರಾದ್ರೂ ಒಂದು ಪ್ರಶ್ನಿ ಕೇಳಿದ್ರೇನು? ನನಗ್ಯಾಕ ಕೇಳ್ತೀರಿ?

ಭಾಗಮ್ಮ: ಅವರು ದುಡಿದ್ರು, ಅದಕ್ಕ ಕೇಳಲಿಲ್ಲ.

ಕಮಲಾಪುರದ ಬಿಸಿಲು ನೆತ್ತಿ ಸುಡುತ್ತಿತ್ತು. ಬಾಳೆಹಣ್ಣು ಕೆಡದಿರಲಿ ಎಂದು ವಿದೇಶದ ಸಂಸ್ಥೆಯೊಂದು ಕಟ್ಟಿಸಿಕೊಟ್ಟ ತಂಪು ಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು ನಾಗಣ್ಣ ಕೂತಿದ್ದ; ಪಕ್ಕದಲ್ಲಿ ಹೆಂಡತಿ ಭಾಗಮ್ಮ. ಕೋಣೆ ನೋಡಿಕೊಳ್ಳುವ ಊರ ಸಮಿತಿಗೆ ಅವನೇ ಅಧ್ಯಕ್ಷ; ಕೀಲಿಕೈ ಅವನ ಉಡದಾರದಲ್ಲಿ. ಯೋಜನೆ ಫಲ ಕೊಟ್ಟಿತೋ ಇಲ್ಲವೋ ನೋಡಲು ಕಲಬುರಗಿಯ ಖೂಬಾ ಪ್ಲಾಟ್ ಬಡಾವಣೆಯಲ್ಲಿರುವ ಸಂಸ್ಥೆಯ ಕಚೇರಿಯಿಂದ ಮುಬಶ್ಶಿರಾ ಬಂದಿದ್ದಳು. ಊರವರಿಗೆ ಕೇಳಬೇಕಾದ ಮೂರು ಪ್ರಶ್ನೆಗಳನ್ನು ಊರವರೇ ಆರಿಸಬೇಕು. ಉತ್ತರ ನೋಡಿ ಕೋಣೆಯನ್ನು ಏನು ಮಾಡಬೇಕೆಂದು ಸಂಸ್ಥೆ ತೀರ್ಮಾನಿಸುತ್ತದೆ.

ಮುಬಶ್ಶಿರಾ: ಕಾಕಾ, ನಾ ಉತ್ತರಾ ಕೇಳಾಕತ್ತಿಲ್ಲ. ಏನು ಕೇಳಬೇಕು ಅಂತ ನೀವೇ ಹೇಳ್ರಿ.

ನಾಗಣ್ಣ: ಹಾಂಗಂದ್ರ ಬರಕೋ ಬೇಟಿ. ಒಂದು, ಕೋಣಿಗಿ ಬಾಗಿಲಾ ಅದ ಇಲ್ಲೋ? ಎರಡು, ಬಾಗಿಲಕ್ಕ ಯಾವ ಬಣ್ಣ?

ಮುಬಶ್ಶಿರಾ: ಇದೆಲ್ಲಾ ಕಣ್ಣಿಗೇ ಕಾಣಸ್ತದಲ್ರೀ!

ನಾಗಣ್ಣ: ಹೆಣ್ಣು ನೋಡಾಕ ಹೋದಾಗ ಏನು ಕೇಳ್ತಾರ? ಹೆಸರೇನು, ಎಷ್ಟು ಓದೀದಿ. ಗೊತ್ತಿದ್ದದ್ದೇ ಕೇಳ್ತಾರ. ಕೊಟ್ಟವರಿಗೂ ಮಾನ, ತೊಗೊಂಡವರಿಗೂ ಮಾನ.

ಭಾಗಮ್ಮ: ನಮ್ಮಪ್ಪನೂ ಹಾಂಗೇ ಕೆಟ್ಟ. ವರಾ ಮಧ್ಯಾಹ್ನ ಎಲ್ಲಿರ್ತಾನ ಅಂತ ಒಂದು ಮಾತು ಕೇಳಬೇಕಿತ್ತು.

ನಾಗಣ್ಣ: ನೀ ಜರಾ ಸುಮ್ಮಿರು.

ಮುಬಶ್ಶಿರಾ: ಈ ಪ್ರಶ್ನಿ ಹ್ಯಾಂಗ ನೋಡ್ರಿ. ಯೋಜನಾ ಮುಗಿದ ಮ್ಯಾಲೂ ಅದರ ಲಾಭ ಉಳಿತದೇನು?

ನಾಗಣ್ಣ: ಯಾಕ ಉಳಿಯಂಗಿಲ್ಲ? ಕರೆಂಟ್ ಹೋದ್ರೂ ಸಂಜೀತನಕ ತಂಪ ಇರ್ತದ. ಒಂದು ಚಾದರ ಇದ್ರ ಸಾಕು.

ಮುಬಶ್ಶಿರಾ: ಬಾಳೆಹಣ್ಣಿಗೆ ಚಾದರಾ?

ನಾಗಣ್ಣ: (ಮೀಸೆ ತೀಡುತ್ತ) ಯಾಕ, ಹಣ್ಣಿಗಿ ಥಂಡಿ ಹತ್ತಂಗಿಲ್ಲೇನು?

ಭಾಗಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು.

ಮುಬಶ್ಶಿರಾ: ಇನ್ನೊಂದು. ಯೋಜನಾದಿಂದ ಯಾರೂ ಅಂದುಕೊಳ್ಳಲಾರದ ಪರಿಣಾಮ ಏನಾರ ಆಗ್ಯಾದೇನು?

ಭಾಗಮ್ಮ: ಆಗ್ಯಾದಲ್ಲವ್ವಾ! ಊಟ ಆದಕೂಡ್ಲೆ ಬರ್ತದ, ಒಳಗಿಂದ ಕೊಂಡಿ ಹಾಕ್ಕೋತದ, ಹೊರಗ ಕೇಳೂ ಹಾಂಗ ಗೊರಕಿ ಹೊಡಿತದ.

ನಾಗಣ್ಣ: ಅದು ಮಷೀನಿನ ಸಪ್ಪಳ!

ಭಾಗಮ್ಮ: ಕರೆಂಟ್ ಇಲ್ಲದಾಗೂ ಬರ್ತದಲ್ಲ?

ಮುಬಶ್ಶಿರಾ: ಕಾಕಿ, ನೀವೊಂದು ಪ್ರಶ್ನಿ ಆರಿಸ್ರಿ.

ಭಾಗಮ್ಮ: ಈ ಕೋಣಿ ಯಾರಿಗೆ ಉಪಯೋಗ ಆಗ್ಯಾದ?

ನಾಗಣ್ಣ: ಅದು ಮನಿ ಜಗಳದ ಪ್ರಶ್ನಿ. ಬ್ಯಾಡ!

ಹೇಳಿ ಬಾಯಿ ಮುಚ್ಚುವಷ್ಟರಲ್ಲಿ ಭಾಗಮ್ಮ ಅವನ ಉಡದಾರಕ್ಕೆ ಕೈ ಹಾಕಿ ಕೀಲಿ ಕಿತ್ತುಕೊಂಡಳು. ಅವನನ್ನು ಪಕ್ಕಕ್ಕೆ ಸರಿಸಿ ಬಾಗಿಲು ತೆರೆದಳು. ಒಳಗೆ ಒಂದು ಹೊರಸು, ದಿಂಬು, ಚಾದರ, ತಂಬಿಗೆ, ಎಲಿ ಅಡಕಿ ಚೀಲ. ಬಾಳೆಹಣ್ಣಿನ ಸಿಪ್ಪೆಯೂ ಇರಲಿಲ್ಲ.

ಮುಬಶ್ಶಿರಾ: ಹಣ್ಣು ಎಲ್ಲಿ?

ಭಾಗಮ್ಮ: ಈ ಥಂಡಿಗೆ ಹಣ್ಣೆಲ್ಲಾ ಇದ್ದಲಿ ಹಾಂಗ ಕರ್ರಗಾದ್ವು. ಎಲ್ಲಾರೂ ಹೊರಗ ತೆಗೆದ್ರು. ಇವರು ಒಳಗ ಹೋದ್ರು.

ನಾಗಣ್ಣ: ನಾ ಏನು ಕರ್ರಗ ಆಗೀನೇನು? ಯೋಜನಾ ಪಾಸ್ ಆದಂಗೇ ಅಲ್ಲೇನು?

ಮುಬಶ್ಶಿರಾ ನಗು ತಡೆಯಲಾಗದೆ ಹೊರಸಿನ ಮೇಲೇ ಕುಸಿದಳು. ಬೆವರಿದ ಮುಖಕ್ಕೆ ತಂಪು ಬಡಿದು ಅರೆಗಳಿಗೆ ಕಣ್ಣು ಮುಚ್ಚಿದಳು. ಕೋಣೆ ಹೀಗೇ ಉಳಿದೀತೆಂದು ನಾಗಣ್ಣನಿಗೆ ಆಸೆ ಚಿಗುರಿತು. ಅಷ್ಟರಲ್ಲಿ ಅವಳು ಎದ್ದು ನಿಂತಳು.

ಮುಬಶ್ಶಿರಾ: ಕಾಕಾ, ಚಿಂತಿ ಮಾಡಬ್ಯಾಡ್ರಿ. ತಪ್ಪು ನಿಮ್ಮದಲ್ಲ, ಕೋಣಿದು. ಈ ಥಂಡಿ ತೆಗೆದು, ಕಾಯಿ ಮಾಗಿಸೋ ಬೆಚ್ಚನೆ ಕೋಣಿ ಮಾಡಿಕೊಡ್ರಿ ಅಂತ ನಾನೇ ಬರೀತೀನಿ. ಸಂಸ್ಥೆದವರು ಖಂಡಿತ ಸಹಾಯ ಮಾಡ್ತಾರ.

ಭಾಗಮ್ಮ: ಹಾಂಗ ಆಗಲಿ ನಮ್ಮವ್ವಾ! ಈ ಸಲದ ಗೊನಿ ಇಲ್ಲೇ ಮಾಗಲಿ.

ನಾಗಣ್ಣ ಹೊರಸಿನ ಮೇಲೆ ಕಾಲು ಚಾಚಿ, ಚಾದರವನ್ನು ಗದ್ದದ ತನಕ ಎಳೆದುಕೊಂಡ.

ನಾಗಣ್ಣ: ನಮ್ಮ ಮುತ್ಯಾ ಯಾರ ಮುಂದೂ ಕೈ ಚಾಚಲಿಲ್ಲ. ನಮ್ಮಪ್ಪನೂ ಚಾಚಲಿಲ್ಲ. ಅವರ ಹೊಟ್ಯಾಗ ಹುಟ್ಟಿ ನಾ ಚಾಚಲೇನು? ನಮಗ ಯಾರ ಸಹಾಯಾನೂ ಬ್ಯಾಡ ಬೇಟಿ. ಹೋಗೂ ಮುಂದ ಬಾಗಿಲಾ ಜೋರ ಹಾಕ್ಕೊಂಡು ಹೋಗು, ತಂಪ ಹೊರಗ ಹೋಗಾಕತ್ತದ.