ಜೋಳದ ಕಾಳಿನಷ್ಟು ತೂತು

ನನ್ನ ತಂಗಿ ಸುಜಾತಾ ನನಗೆ ವಹಿಸಿದ್ದು ಒಂದೇ ಕೆಲಸ: ಏನನ್ನೂ ಮಾಡದೆ ಇರುವುದು. ಅದನ್ನೂ ನನ್ನಿಂದ ಮಾಡಲಾಗಲಿಲ್ಲ. ಏನೂ ಮಾಡದೆ ಇರುವುದು ಸುಲಭವೆಂದು ತಿಳಿದವರು ಬಂದು ಒಂದು ವಾರ ಫ್ಲೆಕ್ಸ್ ಅಂಗಡಿಯಲ್ಲಿ ಕುಳಿತು ನೋಡಬೇಕು.

ನನ್ನ ಓದು ಒಂಬತ್ತನೇ ತರಗತಿಗೆ ನಿಂತಿತು. ಆಮೇಲೆ ಸಿಂಧನೂರಿನ ಈ ಅಂಗಡಿಯ ಕಂಪ್ಯೂಟರಿನ ಮುಂದೆ ಕುಳಿತವನು ಇನ್ನೂ ಎದ್ದಿಲ್ಲ. ಬ್ಯಾನರು, ಮದುವೆ ಕಾರ್ಡು ಎರಡನ್ನೂ ಮಾಡುತ್ತೇವೆ. ನಮ್ಮ ಕಸುಬಿನಲ್ಲಿ ಖಾಲಿ ಜಾಗವೆಂದರೆ ಯಾರದೋ ಮುಖ ಬಿಟ್ಟುಹೋಗಿದೆ ಎಂದರ್ಥ. ಹುಟ್ಟುಹಬ್ಬವಿರಲಿ, ಗೃಹಪ್ರವೇಶವಿರಲಿ, ಮೇಲೊಂದು ದೊಡ್ಡ ಮುಖ, ಕೆಳಗೆ ‘ಶುಭ ಕೋರುವವರು’ ಎಂದು ಮೂವತ್ತು ಸಣ್ಣ ಮುಖಗಳು. ಒಬ್ಬ ಕೈ ಮುಗಿದಿರುತ್ತಾನೆ, ಇನ್ನೊಬ್ಬ ಫೋನನ್ನು ಕಿವಿಗಿಟ್ಟುಕೊಂಡಿರುತ್ತಾನೆ. ಒಮ್ಮೆ ದಢೇಸುಗೂರಿನವರ ಬ್ಯಾನರಿನಲ್ಲಿ ಒಬ್ಬ ಸೋದರಮಾವನನ್ನು ಬಿಟ್ಟುಬಿಟ್ಟೆ. ಆತ ಟ್ರ್ಯಾಕ್ಟರಿನ ತುಂಬ ಮಂದಿಯನ್ನು ಕೂರಿಸಿಕೊಂಡು ಅಂಗಡಿಗೇ ಬಂದು, “ಯಾಕಪಾ, ನಾ ಸತ್ತೀನೇನು?” ಎಂದು ಕೇಳಿದ. ಅಂದಿನಿಂದ ಖಾಲಿ ಜಾಗ ಕಂಡರೆ ನನಗೆ ಟ್ರ್ಯಾಕ್ಟರಿನ ಸದ್ದು ಕೇಳಿಸುತ್ತದೆ.

ಸುಜಾತಾ ಆಗ ಕಲಬುರಗಿಯಲ್ಲಿ ಡಿಸೈನ್ ಓದುತ್ತಿದ್ದಳು. ಕೊನೆಯ ವರ್ಷದ ಪ್ರಾಜೆಕ್ಟಿಗೆ ಹಟ್ಟಿಯ ಐದು ಹುಡುಗರ ಬ್ಯಾಂಡನ್ನು ಆರಿಸಿಕೊಂಡಳು. ಎಲ್ಲರೂ ಚಿನ್ನದ ಗಣಿಯಲ್ಲಿ ದುಡಿದವರ ಮಕ್ಕಳು. ಬ್ಯಾಂಡಿನ ಹೆಸರು ‘ಮೂರನೇ ಪಾಳಿ’. ಅವರ ಮೊದಲ ಆಲ್ಬಮ್ಮಿನ ಕವರು, ಹಾಡಿನ ಪುಸ್ತಿಕೆ, ಬ್ಯಾಂಡಿನ ಗುರುತು, ಟೀ ಶರ್ಟು ಎಲ್ಲವೂ ಇವಳದೇ. ಕವರಿನ ಒಳಗಿನ ಕ್ಯೂಆರ್ ಕೋಡಿಗೆ ಫೋನು ಹಿಡಿದರೆ ಹಾಡು ಬರುತ್ತದಂತೆ. ನಮ್ಮವ್ವ, “ಫೋನಿನ್ಯಾಗ ಬರೂ ಹಾಡಿಗೆ ಅಂಗಿ ಯಾಕಬೇ?” ಎಂದಳು. “ಮನಿಯಾಗ ಒಬ್ಬಾಕಿನ ಇದ್ರೂ ನೀ ಸೀರಿ ಉಡೂದಿಲ್ಲೇನು?” ಎಂದು ಸುಜಾತಾ ಅವಳ ಬಾಯಿ ಮುಚ್ಚಿಸಿದಳು.

ಆ ಕವರು ಪೂರ್ತಿ ಕಪ್ಪು. ನಡುವೆ ಜೋಳದ ಕಾಳಿನಷ್ಟು ತೂತು. ಒಳಗಿನ ಹಳದಿ ಹಾಳೆ ಆ ತೂತಿನಿಂದ ಇಣುಕುತ್ತಿತ್ತು, ಅಷ್ಟೇ. ಹೆಸರು ಕೂಡ ಹಿಂಬದಿಯಲ್ಲಿ. ಅದು ಅಣ್ಣನ ಕೈಯಲ್ಲೇ ಪ್ರಿಂಟ್ ಆಗಬೇಕೆಂದು ಅವಳು ಹಟ ಹಿಡಿದಳು. ಕಲಬುರಗಿಯ ಬಸ್ಸು ಹತ್ತುವಾಗ, “ಅಣ್ಣಾ, ನೀ ಏನೂ ಮಾಡಬ್ಯಾಡ. ಹೆಂಗ ಐತಿ ಹಂಗ ತೆಗಿ. ಕಪ್ಪು ಮಾತ್ರ ಬದಲಿ ಮಾಡಬ್ಯಾಡ, ಕೈ ಮುಗೀತೀನಿ” ಎಂದಳು.

ಕಪ್ಪನ್ನು ನಾನು ಮುಟ್ಟಲಿಲ್ಲ. ಆದರೆ ಅದರೊಳಗೆ ಏನೂ ಇರಲಿಲ್ಲವಲ್ಲ! ಪಾಪ, ಕಲಿತ ಹುಡುಗಿ, ಅನುಭವ ಸಾಲದು ಎನಿಸಿತು. ಐದೂ ಹುಡುಗರ ಫೋಟೊಗಳನ್ನು ಹುಡುಕಿ ಸಾಲಾಗಿ ಕೂರಿಸಿದೆ. ಅವರು ಯಾರೂ ಕೈ ಮುಗಿದಿರಲಿಲ್ಲ; ಬೇರೆಯವರ ಕೈ ತಂದು ಅಂಟಿಸಿ ಮುಗಿಸಿದೆ. ಸುತ್ತ ಗುಲಾಬಿ ಹೂವಿನ ಅಂಚು ಹಾಕಿದೆ. ತೂತು ಒಬ್ಬನ ಮೂಗಿನ ಮೇಲೆ ಬರುತ್ತಿತ್ತು, ತೆಗೆದುಹಾಕಿದೆ. ಎಲ್ಲಕ್ಕಿಂತ ಮೇಲೆ ತೀರಿಹೋದ ನಮ್ಮಪ್ಪನ ಫೋಟೊ. ಅಪ್ಪನೂ ಹಟ್ಟಿಯ ಗಣಿಯಲ್ಲೇ ದುಡಿದವನು. ನೋಡಿದರೆ ತಂಗಿ ಹಿಗ್ಗುತ್ತಾಳೆಂದು ಬೀಗಿದೆ.

ಲಿಂಗಸುಗೂರಿನ ಸಭಾಂಗಣದಲ್ಲಿ ಬಿಡುಗಡೆ. ಕಟ್ಟು ಬಿಚ್ಚಿದ್ದೇ ಅಲ್ಲಿ. ಕಪ್ಪು ಹಿನ್ನೆಲೆ, ಸಾಲು ಫೋಟೊ, ಹೂವಿನ ಅಂಚು! ವಾರಕ್ಕೆ ನಾಲ್ಕು ಶ್ರದ್ಧಾಂಜಲಿ ಬ್ಯಾನರು ಮಾಡುವ ನನಗೆ ಇದು ಹೊಳೆಯಬೇಕಿತ್ತು. ಬಾಗಿಲಲ್ಲಿ ಕವರು ಕೈಗೆ ಬಂದೊಡನೆ ಹಿರಿಯರೊಬ್ಬರು ಚಪ್ಪಲಿ ಕಳಚಿ ನಿಂತರು. “ಅಯ್ಯೋ ಶಿವನೇ, ಐದೂ ಮಂದಿನಾ? ಒಂದ ಗಾಡ್ಯಾಗ ಇದ್ರೇನು?” ಪಕ್ಕದಲ್ಲಿದ್ದ, ಬ್ಯಾಂಡಿನಲ್ಲಿ ತಮಟೆ ಬಾರಿಸುವ ಹುಡುಗ, “ಕಾಕಾ, ನಾ ಇಲ್ಲೇ ಅದೀನಿ” ಎಂದ. ಅವರು ಫೋಟೊ ನೋಡಿದರು, ಅವನ ಮುಖ ನೋಡಿದರು. “ನೀ ಉಳದೀ ಬಿಡು. ಉಳಿದ ನಾಕು ಮಂದಿ?”

ಸಭೆಯೆಲ್ಲ ನಕ್ಕಿತು. ಸುಜಾತಾಳ ಕೆಲಸಕ್ಕೆ ಅಂಕ ಹಾಕಲು ಬಂದಿದ್ದ ಮೇಷ್ಟ್ರು ನಗಲಿಲ್ಲ. ಅವಳು ಕವರನ್ನು ತಿರುಗಿಸಿ ತಿರುಗಿಸಿ ನೋಡಿದಳು. ತೂತನ್ನು ಹುಡುಕುತ್ತಿದ್ದಳೆಂದು ಕಾಣುತ್ತದೆ. ಆಮೇಲೆ ನನ್ನನ್ನು ನೋಡಿದಳು. ನಾನು ಎಲ್ಲರೆದುರು, “ಮಷೀನ್ ಮಿಸ್ಟೇಕ್ ಆಗೈತ್ರಿ” ಎಂದೆ. ಅಷ್ಟಕ್ಕೆ ಬಿಡಬಹುದಿತ್ತು. ಖಾಲಿ ಬಿಡುವ ಅಭ್ಯಾಸವಿಲ್ಲವಲ್ಲ, “ಫೈಲೇ ಹಂಗ ಬಂದಿತ್ರಿ” ಎಂದೂ ಸೇರಿಸಿದೆ.

“ಹೌದ್ರಿ ಸರ್, ಫೈಲ್ ನಂದ” ಎಂದಳು ಸುಜಾತಾ. ಅಣ್ಣನ ಮಾನ ಉಳಿಸಿದಳು.

ಹೇಗೋ ಪಾಸಾದಳು. ಬ್ಯಾಂಡಿನವರು ಮುಂದಿನ ಕೆಲಸವನ್ನು ಬೇರೆ ಯಾರಿಗೋ ಕೊಟ್ಟರು. ಸುಜಾತಾ ಈಗ ಮಸ್ಕಿಯಲ್ಲಿ, ನಮ್ಮ ಮನೆಯ ಹತ್ತಿರದ ಝೆರಾಕ್ಸ್ ಅಂಗಡಿಯಲ್ಲಿ ಕೂರುತ್ತಾಳೆ. ಇನ್ನೊಬ್ಬರ ಹಾಳೆಯನ್ನು ಹೇಗಿದೆಯೋ ಹಾಗೆಯೇ ತೆಗೆದುಕೊಡುವ ಕೆಲಸ. ಬಣ್ಣದ ಡಬ್ಬಿಯನ್ನು ಅಟ್ಟಕ್ಕೆ ಹಾಕಿದ್ದಾಳೆ. ಎರಡು ವರ್ಷದಿಂದ ನಮ್ಮಿಬ್ಬರ ನಡುವೆ “ರೊಟ್ಟಿ ಬೇಕಾ”, “ಸಾಕು” ಎಂಬುದನ್ನು ಬಿಟ್ಟು ಬೇರೆ ಮಾತಿರಲಿಲ್ಲ.

ಹೋದ ತಿಂಗಳು ಜವಳಗೇರಾದ ಹೆಣ್ಣುಮಗಳೊಬ್ಬಳು ಗಂಡನ ಶ್ರದ್ಧಾಂಜಲಿ ಬ್ಯಾನರಿಗೆ ಬಂದಳು. ಎಂದಿನಂತೆ, “ಕೆಳಗ ದುಃಖತಪ್ತರ ಫೋಟೊ ಕೊಡ್ರಿ” ಎಂದೆ. “ಯಾರದೂ ಬ್ಯಾಡ್ರಿ. ಅವರದೊಂದು ಸಣ್ಣದು ಆ ಮೂಲ್ಯಾಗ ಹಾಕ್ರಿ, ಉಳಿದದ್ದು ಖಾಲಿ ಬಿಡ್ರಿ” ಎಂದಳು. ದುಡ್ಡು ಎಣಿಸಿಕೊಡುತ್ತ, “ಮನಿನೂ ಹಂಗ ಐತ್ರಿ” ಎಂದಳು.

ಬಿಟ್ಟೆ. ಟ್ರ್ಯಾಕ್ಟರಿನ ಸದ್ದು ಕೇಳಿಸಲಿಲ್ಲ. ಅವಳು ಹೋದಮೇಲೆ ಸುಜಾತಾಳ ಹಳೆಯ ಫೈಲನ್ನು ತೆರೆದೆ. ಅಷ್ಟು ಕಪ್ಪಿನ ನಡುವೆ ಹಳದಿಯ ಕಾಳು. ಆಗ ಅಪ್ಪನ ಮಾತು ನೆನಪಾಯಿತು. “ಗಣಿ ಒಳಗ ನಮ್ಮ ಕೈ ನಮಗ ಕಾಣೂದಿಲ್ಲ. ದೂರ ಒಂದು ತಲಿದೀಪ ಜೋಳದ ಕಾಳಿನಷ್ಟು ಕಂಡ್ರ ಸಾಕು, ನಮ್ಮವ ಒಬ್ಬ ಅದಾನ ಅಂತ ಎದಿ ಗಟ್ಟಿ ಆಕೈತಿ.” ನಮ್ಮಿಬ್ಬರನ್ನೂ ಕೂರಿಸಿಕೊಂಡೇ ಹೇಳಿದ್ದ. ಅವಳು ನೆನಪಿಟ್ಟುಕೊಂಡಿದ್ದಳು. ಆ ಕವರಿನಲ್ಲಿ ಅಪ್ಪ ಆಗಲೇ ಇದ್ದ. ನಾನು ಅವನನ್ನು ಮುಚ್ಚಿ, ಮೇಲೆ ಅವನದೇ ಫೋಟೊ ಅಂಟಿಸಿದ್ದೆ.

ಒಂದೇ ಒಂದು ಕವರು ಪ್ರಿಂಟ್ ತೆಗೆದು, ತೂತನ್ನು ಬ್ಲೇಡಿನಿಂದ ಕೊರೆದು, ಮಸ್ಕಿಯ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಹೇಳಬೇಕಾದುದನ್ನು ಬ್ಯಾನರಿನಂತೆ ತುಂಬಿಸುತ್ತ ಹೋದೆ: ಮೇಲೆ ಅಪ್ಪ, ಕೆಳಗೆ ಅವ್ವ, ನಡುವೆ ನನ್ನ ಅರ್ಧ ಓದು, ಅಂಗಡಿ ಮಾಲೀಕರ ಅವಸರ, ಅಂಚಿಗೆ ಒಂದಿಷ್ಟು ಕಣ್ಣೀರು. ಸುಜಾತಾ ಪಡಸಾಲೆಯಲ್ಲಿ ಬಟ್ಟೆ ಮಡಿಸುತ್ತಿದ್ದಳು. ಕವರನ್ನು ಅವಳ ಮುಂದಿಟ್ಟೆ. ಅವಳು ಅದನ್ನೆತ್ತಿ ತೂತಿನ ಮೇಲೆ ಬೆರಳಾಡಿಸಿದಳು. ನಾನು ತುಂಬಿಸಿಟ್ಟುಕೊಂಡಿದ್ದನ್ನೆಲ್ಲ ಒಂದೊಂದಾಗಿ ಅಳಿಸಿದೆ. ಕೊನೆಗೆ ಉಳಿದದ್ದು ಇಷ್ಟೇ:

“ಸುಜಾತಾ, ಅದು ಮಷೀನ್ ತಪ್ಪಲ್ಲ. ನಾನ ಮಾಡಿದ್ದು. ತಪ್ಪಾತವ್ವಾ.”