ಕಲ್ಯಾಣದುರ್ಗದಲ್ಲಿ ನನ್ನ ಪ್ರತಿದಾಳಿ

ಆ ಭಾನುವಾರ ಕಲ್ಯಾಣದುರ್ಗದ ಮೈದಾನದಲ್ಲಿ ನಿಜವಾಗಿ ಏನಾಯಿತೆಂದು ನಾನು ಖಚಿತವಾಗಿ ಹೇಳಲಾರೆ. ಇತಿಹಾಸದಲ್ಲಿ ಎಂ.ಎ. ಮಾಡಿದವನು, ಸಾಕ್ಷಿಯಿಲ್ಲದೆ ಯಾರನ್ನೂ ನಂಬುವುದಿಲ್ಲ, ನನ್ನನ್ನಂತೂ ಮೊದಲೇ ಇಲ್ಲ. ನನ್ನ ನೆನಪಿನ ಪ್ರಕಾರ ತಪ್ಪು ಗಾಳಿಯದು, ಉಳಿದದ್ದು ಬಾಮೈದನದು. ಹೆಂಡತಿ ಸುಜಾತಳ ಪ್ರಕಾರ ಎಲ್ಲವೂ ನನ್ನದು.

ಹಿಂದೂಪುರದ ನಮ್ಮ ಫುಟ್‌ಬಾಲ್ ತಂಡಕ್ಕೆ ತರಬೇತುದಾರ ಇರಲಿಲ್ಲ. ಕಣ್ಣು ಕೆಂಪಾಗುವವರೆಗೆ ಫೋನಿನಲ್ಲಿ ಪಂದ್ಯ ನೋಡುವ ಒಂದೇ ಅರ್ಹತೆಯ ಮೇಲೆ ಆ ಭಾರವನ್ನು ನಾನು ಸ್ವೀಕರಿಸಿದೆ. ಸುಜಾತಳ ತಮ್ಮ ಗಂಗಾಧರ ನಮ್ಮ ಮುಂಚೂಣಿ ಆಟಗಾರ. ಹೊರಟ ಬಸ್ಸನ್ನು ಓಡಿ ಹಿಡಿದು, ಒಳಗೆ ಕಿಟಕಿ ಪಕ್ಕದ ಸೀಟನ್ನೂ ಹಿಡಿಯುವಷ್ಟು ವೇಗ! ಕಲ್ಯಾಣದುರ್ಗದ ಪಂದ್ಯಕ್ಕೆ ರಾಜ್ಯ ಜೂನಿಯರ್ ತಂಡದ ಆಯ್ಕೆಗಾರರು ಬರುವವರಿದ್ದರು. ಮುಂದಿನ ವರ್ಷ ಅವನಿಗೆ ವಯಸ್ಸು ಮೀರುತ್ತಿತ್ತು. ಅವನಿಗೆ ಇದೇ ಕೊನೆಯ ಅವಕಾಶ.

ಅವನಿಗಾಗಿಯೇ ವ್ಯೂಹ ರಚಿಸಿದೆ. ಊಟದ ಮೇಜಿನ ಮೇಲೆ ಸ್ಟೀಲ್ ಲೋಟಗಳನ್ನಿಟ್ಟು ಉಪನ್ಯಾಸ ಕೊಟ್ಟೆ. ಹಿಂದೆ ನಾಲ್ವರು, ಅವರ ಮುಂದೆ ನಾಲ್ವರು, ತುದಿಯಲ್ಲಿ ಇಬ್ಬರು. ಎದುರಾಳಿಗಳು ನುಗ್ಗಿ ಬರಲೆಂದು ಕಾಯುವುದು. ಚೆಂಡು ಸಿಕ್ಕ ಕೂಡಲೇ ಎತ್ತರಕ್ಕೆ, ದೂರಕ್ಕೆ, ನೇರವಾಗಿ ಲಾಂಗ್ ಪಾಸ್. ಉದ್ದನೆಯ ತಿಪ್ಪೇಶ ಅದನ್ನು ತಲೆಯಿಂದ ಇಳಿಸಿಕೊಡುತ್ತಾನೆ. ಖಾಲಿ ಜಾಗಕ್ಕೆ ಗಂಗಾಧರ ಓಡುತ್ತಾನೆ.

"ಆಕಾಶ ಕಳಚಿ ಬಿದ್ರೂ ನೀನು ಹಿಂದಕ್ಕೆ ಬರಕೂಡ್ದು," ಎಂದು ಆಜ್ಞಾಪಿಸಿದೆ.

"ಆಯ್ತು ಬಾವ, ನೀವು ಹೇಳ್ದಂಗೆ."

"ರೀ, ಆ ಗಂಗಾಧರನ್ನ ಇತ್ಲಾಗೆ ಕೊಡ್ರಿ, ಕಾಪಿ ಹಾಕ್ಬೇಕು," ಎಂದು ಸುಜಾತ ಲೋಟ ಕಿತ್ತುಕೊಂಡಳು.

ಪಂದ್ಯದ ದಿನ ಟಾಸ್ ಗೆದ್ದೆವು. ಯಾವ ಕಡೆ ಎಂದು ನಮ್ಮ ನಾಯಕ, ಗೋಲ್‌ಕೀಪರ್ ರಫಿ ಕೇಳಿದ. ಬೇವಿನ ಮರದ ಕಡೆ ಎಂದೆ. ಅದರ ನೆರಳು ಸರಿಯಾಗಿ ನಮ್ಮ ಗೋಲಿನ ಹಿಂದಿದ್ದ ನನ್ನ ಕುರ್ಚಿಯ ಮೇಲೆ ಬೀಳುತ್ತಿದ್ದುದು ಕೇವಲ ಕಾಕತಾಳೀಯ! ದೂರದ ಬೆಟ್ಟದ ಮೇಲೆ ಗಾಳಿಯಂತ್ರಗಳು ಭರಭರನೆ ತಿರುಗುತ್ತಿದ್ದವು. ಸುಂದರ ದೃಶ್ಯ ಎಂದುಕೊಂಡೆ. ಸುಜಾತ ಮೈದಾನದ ಕಡೆಗೆ ಊದಿದ ಕಡಲೆಕಾಯಿ ಸಿಪ್ಪೆ ತಿರುಗಿ ಬಂದು ನನ್ನ ಮೋರೆಗೆ ಬಡಿಯಿತು. ಕುರ್ಚಿ ಸರಿಸಿಕೊಂಡೆ.

ರಫಿ ಒದ್ದ ಮೊದಲ ಚೆಂಡು ಎತ್ತರಕ್ಕೆ ಹೋಯಿತು, ಅಲ್ಲೇ ನಿಂತು ಯೋಚಿಸಿತು, ವಾಪಸ್ ಬಂತು. ಎರಡನೆಯದೂ ಬಂತು. ಆ ತುದಿಯಲ್ಲಿ ಗಂಗಾಧರ ಬರದ ಬಸ್ಸಿಗೆ ಕಾಯುವವನಂತೆ ನಿಂತಿದ್ದ.

"ಸಾರ್, ಗಾಳಿ ಮೊಕಕ್ಕೇ ಹೊಡೀತೈತೆ! ನೆಲದ ಮ್ಯಾಲೇ ಆಡಾನ?" ರಫಿ ಕೂಗಿದ.

"ವ್ಯೂಹ ಬದಲಿಸಕೂಡ್ದು!"

ಪಕ್ಕದಲ್ಲಿದ್ದ ಕಲ್ಯಾಣದುರ್ಗದ ಹಿರಿಯರೊಬ್ಬರು ಕನಿಕರದಿಂದ ಕೇಳಿದರು, "ಏಮಯ್ಯಾ, ಬಾಲ್ ಆಡಕ್ ಬಂದೀರೋ, ಗಾಳಿಪಟ ಬಿಡಕ್ ಬಂದೀರೋ?"

ಅರ್ಧಾವಧಿಗೆ ಸ್ವಲ್ಪ ಮುಂಚೆ ಅವರಿಗೆ ಕಾರ್ನರ್ ಸಿಕ್ಕಿತು. ಎಲ್ಲರೂ ನಮ್ಮ ಗೋಲಿನ ಮುಂದೆ ನೆರೆದರು. ನಾವು ಕಾದದ್ದು ಇದಕ್ಕೇ ಅಲ್ಲವೇ! ಆ ಕಡೆಯ ಅರ್ಧ ಮೈದಾನ ಖಾಲಿ, ಅಲ್ಲಿ ಗಂಗಾಧರ ಒಬ್ಬನೇ. ಆದರೆ ಅವನು ಇದ್ದಕ್ಕಿದ್ದಂತೆ ಹಿಂದಕ್ಕೆ ಓಡಿಬಂದ. ರಫಿ ಚೆಂಡನ್ನು ಗುದ್ದಿ ಎತ್ತರಕ್ಕೆ ಹಾಕಿದ. ಗಾಳಿ ಮರಳಿಸಿತು. ಚೆಂಡು ಗಂಗಾಧರನ ತಲೆಗೆ ಬಡಿದು ನಮ್ಮದೇ ಗೋಲಿನೊಳಗೆ ಹೋಯಿತು. ಅಂದು ಅವನಿಗೆ ಸಿಕ್ಕ ಮೊದಲ ಚೆಂಡು ಅದು! ಆಯ್ಕೆಗಾರರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ದ್ವಿತೀಯಾರ್ಧದಲ್ಲಿ ಗಾಳಿ ನಮ್ಮ ಬೆನ್ನಿಗೆ ಬರಬೇಕಿತ್ತು, ನಿಂತೇ ಹೋಯಿತು. ಗೋಲು ಸಿಕ್ಕವರಿಗೆ ನುಗ್ಗಿ ಬರುವ ದರ್ದೇನು? ಅವರು ತಮ್ಮ ಗೋಲಿನ ಮುಂದೆ ಸಾಲಾಗಿ ನಿಂತರು. ಅವರು ಬರಲೆಂದು ನಾವು ಕಾದೆವು. ಅವರು ಬರಲಿಲ್ಲ. ಪಂದ್ಯ ಮುಗಿಯಿತು.

ಊರಿಗೆ ಮರಳುವ ಜೀಪು ಪೆನುಕೊಂಡ ತಲುಪಿತು.

"ಹಿಂದಕ್ಕೆ ಬರಬೇಡ ಅಂತ ಸಾರಿ ಸಾರಿ ಹೇಳಿದ್ದೆ," ಎಂದು ಗೊಣಗಿದೆ.

ಗಂಗಾಧರ ಬಗ್ಗಿ ಬೂಟಿನ ಲೇಸು ಬಿಚ್ಚತೊಡಗಿದ.

"ಬಾರೋ ಬಾರೋ ಅಂತ ಬಡ್ಕೊಂಡಿದ್ದು ನೀವೇ ಕಣ್ರೀ!" ಎಂದಳು ಸುಜಾತ.

ಸಾಕ್ಷಿ ಎಲ್ಲಿ ಎಂದು ಕೇಳಿದೆ.

ಅವನು ಆಯ್ಕೆಯಾಗಲಿಲ್ಲ. ಈಗ ಪೆನುಕೊಂಡದ ಹತ್ತಿರದ ಕಾರ್ಖಾನೆಗೆ ಹೋಗುತ್ತಾನೆ. ಬಸ್ಸನ್ನು ಈಗಲೂ ಓಡಿಯೇ ಹಿಡಿಯುತ್ತಾನೆ.

ಮೊನ್ನೆ ರಫಿ ಆ ಪಂದ್ಯದ ವಿಡಿಯೊ ಕಳಿಸಿದ. ನನ್ನ ಕುರ್ಚಿಯ ಹಿಂದಿನಿಂದ ಯಾರೋ ತೆಗೆದದ್ದು. ಕಾರ್ನರಿಗೆ ಮುಂಚಿನ ಕ್ಷಣವನ್ನು ಮತ್ತೆ ಮತ್ತೆ ಹಾಕಿ ಕೇಳಿದೆ. ಗಾಳಿಯ ಸದ್ದಿನ ನಡುವೆ ಒಂದು ಹತಾಶ ಧ್ವನಿ: "ಗಂಗಾಧರಾ, ಹಿಂದಕ್ ಬಾರೋ!" ದೂರದಿಂದ ಉತ್ತರ: "ಬಂದೆ ಬಾವ!"

ಪರಿಶೀಲಿಸಿದ್ದೇನೆ, ಸಂಶಯವಿಲ್ಲ. ಅಂದು ಆ ಗಾಳಿಯನ್ನು ಸೀಳಿಕೊಂಡು ಗಂಗಾಧರನನ್ನು ನೇರವಾಗಿ ತಲುಪಿದ ಒಂದೇ ಒಂದು ಲಾಂಗ್ ಪಾಸ್, ನನ್ನ ಗಂಟಲಿನದು.